ಗುಂಡಿಯೋ, ಗಾಜೋ? – ಒಂದು ಹೊಸ ಫೋನು ಎಬ್ಬಿಸಿದ ವಿವಾದ

ಹೊಸ ಮೊಬೈಲ್ ಫೋನೊಂದು ಪ್ರಕಟವಾದ ಮರುದಿನ ಕಾಲೇಜಿನ ಮೊಗಸಾಲೆಯಲ್ಲಿ ನಡೆಯುವ ಚರ್ಚೆಯನ್ನು ಕೇಳದವರು ವಿರಳ. ಅದರ ಪರದೆ ಎಷ್ಟು ಅಂಗುಲ, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಬ್ಯಾಟರಿ ಎಷ್ಟು ಹೊತ್ತು ಬಾಳೀತು, ಬೆಲೆ ಎಷ್ಟಾದೀತು – ಹೀಗೆ ಅಂಕಿಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಒಬ್ಬನು ತನ್ನ ಮೆಚ್ಚಿನ ಸಂಸ್ಥೆಯ ಪಕ್ಷವನ್ನು ಹಿಡಿಯುತ್ತಾನೆ; ಮತ್ತೊಬ್ಬಳು ಅದರಲ್ಲಿ ಇಲ್ಲದಿರುವುದನ್ನೆಲ್ಲ ಬೆರಳು ಮಡಚಿ ಎಣಿಸುತ್ತಾಳೆ. ಗಂಟೆ ಬಾರಿಸಿದಾಗ ವಾದ ನಿಲ್ಲುತ್ತದೆಯೇ ಹೊರತು ತೀರುವುದಿಲ್ಲ. ವಸ್ತು ಇನ್ನೂ ಯಾರ ಕೈಗೂ ಬಂದಿಲ್ಲವಾದುದರಿಂದ, ಯಾರ ಮಾತು ಸರಿಯೆಂದು ಒರೆಗೆ ಹಚ್ಚಿ ನೋಡುವ ಬಗೆಯೂ ಅಲ್ಲಿರುವುದಿಲ್ಲ.

ಇಂಥ ವಾದವನ್ನು ಕ್ರಮವಾಗಿ ನಡೆಸುವುದು ಸಾಧ್ಯವೇ? ಚದುರಂಗವನ್ನು ಕಲಿಯುವವನು ಹಿಂದೆ ನಡೆದ ಆಟಗಳನ್ನು ಮತ್ತೆ ಹಾಸಿನ ಮೇಲೆ ಹೂಡಿ, ಯಾವ ನಡೆ ಏಕೆ ಫಲಿಸಿತೆಂದು ಪರೀಕ್ಷಿಸುತ್ತಾನೆ. ನಾವೂ ಹಾಗೆಯೇ ಮುಗಿದುಹೋದ ಒಂದು ವಾದವನ್ನು ಬಿಚ್ಚಿ ನೋಡಬಹುದು. ಅಂಥ ಪರೀಕ್ಷೆಗೆ ಅತ್ಯಂತ ಯೋಗ್ಯವಾದುದು ೨೦೦೭ರಲ್ಲಿ ಐಫೋನನ್ನು ಕುರಿತು ನಡೆದ ವಾದ. ಅದರ ಫಲ ಈಗ ನಮ್ಮೆಲ್ಲರ ಜೇಬಿನಲ್ಲಿದೆ.

ಪ್ರಕಟವಾದ ವಸ್ತು

೨೦೦೭ನೆಯ ಇಸವಿ ಜನವರಿ ೯ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಆ್ಯಪಲ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಸ್ಟೀವ್ ಜಾಬ್ಸ್ ಅವರು ಈ ಫೋನನ್ನು ಸಭೆಯ ಮುಂದಿಟ್ಟರು. ಅದರ ತೂಕ ೧೩೫ ಗ್ರಾಂ, ದಪ್ಪ ೧೧.೬ ಮಿಲಿಮೀಟರ್, ಪರದೆಯ ಕರ್ಣ ೩.೫ ಅಂಗುಲ, ಕ್ಯಾಮೆರಾ ೨ ಮೆಗಾಪಿಕ್ಸೆಲ್. ಮುಖದ ಮೇಲಿದ್ದುದು ಒಂದೇ ಒಂದು ಗುಂಡಿ. ಮಿಕ್ಕ ಕೆಲಸಗಳಿಗೆಲ್ಲ ಪರದೆಯ ಮೇಲೆ ಬೆರಳನ್ನಿಡಬೇಕು. ಸಂಖ್ಯೆ ಒತ್ತುವುದೂ, ಪತ್ರ ಬರೆಯುವುದೂ, ಚಿತ್ರವನ್ನು ಹಿಗ್ಗಿಸುವುದೂ ಕುಗ್ಗಿಸುವುದೂ ಆ ಒಂದೇ ಪರದೆಯ ಮೇಲೆ ನಡೆಯತಕ್ಕದ್ದು.

ಮಾರಾಟ ಆರಂಭವಾದುದು ಅದೇ ವರ್ಷದ ಜೂನ್ ೨೯ರಂದು. ೪ ಗಿಗಾಬೈಟ್ ಸಂಗ್ರಹವುಳ್ಳ ಫೋನಿಗೆ ೪೯೯ ಡಾಲರು, ೮ ಗಿಗಾಬೈಟಿನದಕ್ಕೆ ೫೯೯ ಡಾಲರು. ಇದರ ಮೇಲೆ ಒಂದೇ ದೂರವಾಣಿ ಕಂಪೆನಿಯೊಡನೆ ಎರಡು ವರ್ಷಗಳ ಕರಾರು. ಪ್ರಕಟಣೆಗೂ ಮಾರಾಟಕ್ಕೂ ನಡುವೆ ಐದೂವರೆ ತಿಂಗಳ ಅವಧಿಯಿದ್ದಿತು. ವಾದ ಕಾವೇರಿದುದು ಈ ಅವಧಿಯಲ್ಲಿಯೇ.

ಸ್ಮಾರ್ಟ್‌ಫೋನು ಎಂಬುದು ಆಗಲೇ ಹೊಸದಾಗಿರಲಿಲ್ಲವೆಂಬುದನ್ನು ವಾಚಕರು ನೆನಪಿಡಬೇಕು. ಐಬಿಎಂ ಸಂಸ್ಥೆಯ ‘ಸೈಮನ್’ ಎಂಬ ಫೋನು ೧೯೯೪ರಲ್ಲಿಯೇ ಮಾರುಕಟ್ಟೆಗೆ ಬಂದಿದ್ದು, ಅದಕ್ಕೂ ಮುಟ್ಟಿದರೆ ಕೆಲಸಮಾಡುವ ಪರದೆಯಿದ್ದಿತು. ೨೦೦೭ರ ವೇಳೆಗೆ ನೋಕಿಯ, ಬ್ಲ್ಯಾಕ್‌ಬೆರಿ, ಪಾಮ್ ಮೊದಲಾದ ಸಂಸ್ಥೆಗಳ ಫೋನುಗಳು ಅಂತರಜಾಲವನ್ನು ತೆರೆಯುತ್ತಿದ್ದವು, ಪತ್ರಗಳನ್ನು ಕಳುಹಿಸುತ್ತಿದ್ದವು. ಹೀಗಾಗಿ ಹೊಸ ಫೋನನ್ನು ಅಳೆಯಲು ಹಳೆಯ ಮಾನದಂಡಗಳು ಸಿದ್ಧವಾಗಿಯೇ ಇದ್ದವು.

ಪೂರ್ವಪಕ್ಷ

ನಮ್ಮ ಶಾಸ್ತ್ರಕಾರರು ಯಾವುದೇ ವಿಷಯವನ್ನು ಚರ್ಚಿಸುವಾಗ ಮೊದಲು ಎದುರಾಳಿಯ ಮಾತನ್ನು ಪೂರ್ಣವಾಗಿ, ಅವನೇ ಒಪ್ಪುವಂತೆ ಹೇಳಿ, ಅನಂತರ ಉತ್ತರವನ್ನು ಕೊಡುತ್ತಿದ್ದರು. ಈ ಒಳ್ಳೆಯ ಪದ್ಧತಿಯನ್ನು ನಾವೂ ಅನುಸರಿಸೋಣ.

ಐಫೋನನ್ನು ಆಕ್ಷೇಪಿಸಿದವರು ಹೇಳಿದುದು ಹೀಗೆ. ನೋಕಿಯ ಸಂಸ್ಥೆಯು ೨೦೦೬ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಎನ್ ೯೫ ಎಂಬ ಫೋನಿನಲ್ಲಿ ೫ ಮೆಗಾಪಿಕ್ಸೆಲ್ಲಿನ ಕ್ಯಾಮೆರಾ ಇದೆ. ಅದು ಚಲಚ್ಚಿತ್ರವನ್ನೂ ತೆಗೆಯುತ್ತದೆ. ನಿಂತ ಸ್ಥಳವನ್ನು ತಿಳಿಸುವ ಜಿಪಿಎಸ್ ಇದೆ. ವೇಗವಾದ ಮೂರನೆಯ ತಲೆಮಾರಿನ ಜಾಲಕ್ಕೆ ಸೇರುವ ಸೌಕರ್ಯವಿದೆ. ಸಂಗ್ರಹವನ್ನು ಹೆಚ್ಚಿಸಲು ಕಾರ್ಡನ್ನು ತೂರಿಸಬಹುದು; ಬ್ಯಾಟರಿಯನ್ನು ಕಳಚಿ ಬೇರೊಂದನ್ನು ಹಾಕಬಹುದು. ಹೊಸ ಐಫೋನಿನಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಅದು ಎರಡನೆಯ ತಲೆಮಾರಿನ ನಿಧಾನವಾದ ಎಡ್ಜ್ ಜಾಲವನ್ನೇ ಅವಲಂಬಿಸಿದೆ. ಬರೆದ ಸಾಲುಗಳನ್ನು ಒಂದೆಡೆಯಿಂದ ನಕಲಿಸಿ ಇನ್ನೊಂದೆಡೆ ಅಂಟಿಸುವ ಏರ್ಪಾಡಿಲ್ಲ. ಚಿತ್ರವನ್ನು ಸಂದೇಶದೊಡನೆ ಕಳುಹಿಸುವಂತಿಲ್ಲ. ಇತರರು ರಚಿಸಿದ ತಂತ್ರಾಂಶಗಳನ್ನು ಸೇರಿಸಿಕೊಳ್ಳುವಂತಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಆಕ್ಷೇಪಣೆಯೆಂದರೆ ಅದರಲ್ಲಿ ಕೀಲಿಮಣೆಯೇ ಇಲ್ಲವೆಂಬುದು. ಆಗ ಮೈಕ್ರೊಸಾಫ್ಟ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಸ್ಟೀವ್ ಬಾಮರ್ ಅವರು ಸಂದರ್ಶನವೊಂದರಲ್ಲಿ ಫೋನಿನ ಬೆಲೆಯನ್ನು ಕೇಳಿ ನಕ್ಕು, ಕೀಲಿಮಣೆಯಿಲ್ಲದ ಫೋನು ವ್ಯವಹಾರಸ್ಥರಿಗೆ ಒಗ್ಗದೆಂದು ಅಭಿಪ್ರಾಯಪಟ್ಟರು. ಅವರೊಬ್ಬರೇ ಅಲ್ಲ; ಬಲ್ಲವರನೇಕರ ಎಣಿಕೆಯೂ ಹಾಗೆಯೇ ಇದ್ದಿತು.

ಗುಂಡಿಯ ಗುಣ

ಇದು ಹುಡುಗಾಟದ ಆಕ್ಷೇಪಣೆಯಲ್ಲ. ಗುಂಡಿಯಲ್ಲಿ ಅಡಗಿರುವ ಜಾಣ್ಮೆಯನ್ನು ನಾವು ಸಾಮಾನ್ಯವಾಗಿ ಗಮನಿಸುವುದೇ ಇಲ್ಲ. ನಿಮ್ಮ ಶಾಲೆಯ ಕಂಪ್ಯೂಟರಿನ ಕೀಲಿಮಣೆಯಲ್ಲಿ ಎಫ್ ಮತ್ತು ಜೆ ಅಕ್ಷರಗಳ ಕೀಲಿಗಳನ್ನು ಸವರಿ ನೋಡಿರಿ: ಅವುಗಳ ಮೇಲೆ ಸಣ್ಣ ಉಬ್ಬುಗೆರೆ ತಗಲುತ್ತದೆ. ಹಳೆಯ ಗುಂಡಿಫೋನು ಮನೆಯಲ್ಲಿದ್ದರೆ ಅದರ ೫ರ ಗುಂಡಿಯನ್ನು ಮುಟ್ಟಿರಿ. ಅಲ್ಲಿಯೂ ಒಂದು ಉಬ್ಬು ಸಿಕ್ಕೀತು. ಆ ಉಬ್ಬನ್ನು ಹಿಡಿದುಕೊಂಡು ಮಿಕ್ಕ ಕೀಲಿಗಳ ಸ್ಥಾನವನ್ನು ಬೆರಳು ತಾನಾಗಿಯೇ ಕಂಡುಕೊಳ್ಳುತ್ತದೆ.

ಅಷ್ಟೇ ಅಲ್ಲ. ಕೀಲಿಗೆ ಅಂಚಿದೆ, ಆದುದರಿಂದ ಒತ್ತುವ ಮೊದಲೇ ಬೆರಳು ಸರಿಯಾದ ಸ್ಥಳದಲ್ಲಿದೆಯೇ ಎಂದು ತಿಳಿಯುತ್ತದೆ. ಒತ್ತಿದಾಗ ಅದು ಕೆಳಕ್ಕಿಳಿದು ಟಕ್ಕೆನ್ನುತ್ತದೆ. ಆದುದರಿಂದ ಕೆಲಸವಾಯಿತೆಂಬುದೂ ತಿಳಿಯುತ್ತದೆ. ಸುಮ್ಮನೆ ಬೆರಳಿಟ್ಟುಕೊಂಡಿದ್ದರೆ ಅದು ಏನನ್ನೂ ಮಾಡುವುದಿಲ್ಲ. ಹೀಗೆ ಹುಡುಕುವುದು, ಒತ್ತುವುದು, ಒತ್ತಿದುದನ್ನು ಖಚಿತಪಡಿಸಿಕೊಳ್ಳುವುದು – ಈ ಮೂರೂ ಕಣ್ಣಿನ ನೆರವಿಲ್ಲದೆ ನಡೆಯುತ್ತವೆ. ನುಣುಪಾದ ಗಾಜಿನ ಮೇಲೆ ಇವುಗಳಲ್ಲಿ ಒಂದಾದರೂ ಸಾಧ್ಯವಿಲ್ಲ. ಪೂರ್ವಪಕ್ಷದ ಬಲವಿರುವುದು ಇಲ್ಲಿ.

ಉತ್ತರಪಕ್ಷ

ಇದಕ್ಕೆ ಜಾಬ್ಸ್ ಅವರು ಅಂದಿನ ಸಭೆಯಲ್ಲಿಯೇ ಉತ್ತರವನ್ನು ಹೇಳಿದ್ದರು. ಅವರ ವಾದದ ಸಾರವಿಷ್ಟು: ಕೀಲಿಮಣೆಯನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚುಹಾಕಿ ಕೂರಿಸಿಬಿಟ್ಟರೆ, ಬೇಕಾದಾಗಲೂ ಬೇಡವಾದಾಗಲೂ ಅದು ಅಲ್ಲಿಯೇ ಇರುತ್ತದೆ. ಛಾಯಾಚಿತ್ರ ನೋಡುವವನಿಗೆ ಕೀಲಿ ಬೇಡ. ಲೆಕ್ಕ ಮಾಡುವವನಿಗೆ ಅಕ್ಷರ ಬೇಡ, ಅಂಕಿ ಬೇಕು. ಆದರೆ ಫೋನಿನ ಮುಖದ ದೊಡ್ಡದೊಂದು ಪಾಲನ್ನು ಒಂದೇ ಬಗೆಯ ಕೀಲಿಗಳು ಸದಾಕಾಲವೂ ಆಕ್ರಮಿಸಿರುತ್ತವೆ. ಆರು ತಿಂಗಳ ಮೇಲೆ ಯಾರಿಗಾದರೂ ಹೊಸದೊಂದು ಉಪಯೋಗ ಹೊಳೆದರೆ, ಮಾರಾಟವಾಗಿ ಹೋದ ಫೋನುಗಳಿಗೆ ಹೊಸ ಗುಂಡಿಯನ್ನು ಸೇರಿಸುವುದು ಅಸಾಧ್ಯ. ಬದಲಾಗಿ ಮುಖವನ್ನೆಲ್ಲ ಪರದೆಯಾಗಿಸಿ, ಬೇಕಾದ ಗುಂಡಿಗಳನ್ನು ಬೇಕಾದಾಗ ಅಲ್ಲಿ ಚಿತ್ರಿಸಿದರೆ ಈ ತೊಡಕು ನೀಗುತ್ತದೆ.

ತರ್ಕವೇನೋ ಚೆನ್ನಾಗಿದೆ. ಆದರೆ ಗಾಜು ಬೆರಳನ್ನು ನಂಬಿಕೆಗೆ ಅರ್ಹವಾಗಿ ಗುರುತಿಸಬಲ್ಲದೇ? ವಾದ ಇಲ್ಲಿ ಅಭಿರುಚಿಯನ್ನು ಬಿಟ್ಟು ಭೌತಶಾಸ್ತ್ರಕ್ಕೆ ಬಂದು ನಿಲ್ಲುತ್ತದೆ.

ಗಾಜು ಬೆರಳನ್ನು ಅರಿಯುವ ಬಗೆ

ಅಂದಿನ ಅನೇಕ ಸ್ಪರ್ಶಪರದೆಗಳು ಒತ್ತಡದಿಂದ ಕೆಲಸಮಾಡುತ್ತಿದ್ದವು. ಎರಡು ತೆಳುವಾದ ವಾಹಕ ಪದರಗಳು. ಅವುಗಳ ನಡುವೆ ಕಿರಿದಾದ ಅಂತರ. ಮೇಲಿನ ಪದರವನ್ನು ಅದುಮಿದಾಗ ಅದು ಬಾಗಿ ಕೆಳಗಿನದನ್ನು ಮುಟ್ಟುತ್ತದೆ. ಮುಟ್ಟಿದ ಸ್ಥಳವನ್ನು ವೋಲ್ಟೇಜಿನಿಂದ ಲೆಕ್ಕಹಾಕಬಹುದು. ಇದಕ್ಕೆ ಮೊನಚಾದ ಕಡ್ಡಿ ಅನುಕೂಲ. ಬೆರಳಿನಿಂದ ಹಗುರವಾಗಿ ಸವರಿದರೆ ಅದು ಸರಿಯಾಗಿ ಅರಿಯದು. ಎರಡು ಬೆರಳುಗಳನ್ನು ಒಟ್ಟಿಗಿಟ್ಟರೆ ಗೊಂದಲಕ್ಕೀಡಾಗುತ್ತದೆ.

ಐಫೋನು ಅನುಸರಿಸಿದ ಮಾರ್ಗ ಬೇರೆ. ಎರಡು ವಾಹಕಗಳ ನಡುವೆ ಅವಾಹಕವೊಂದನ್ನು ಇರಿಸಿದರೆ ಅದು ವಿದ್ಯುದಾವೇಶವನ್ನು ಹಿಡಿದಿಡುವ ಧಾರಕ, ಎಂದರೆ ಕೆಪಾಸಿಟರ್, ಆಗುತ್ತದೆಂದು ನೀವು ಓದಿದ್ದೀರಿ. ಪರದೆಯ ಗಾಜಿನ ಕೆಳಗೆ ಇಂಡಿಯಂ ಟಿನ್ ಆಕ್ಸೈಡ್ ಎಂಬ ಪದಾರ್ಥದ ಅತಿ ತೆಳುವಾದ ಪಟ್ಟಿಗಳನ್ನು ಅಡ್ಡಲಾಗಿಯೂ ಉದ್ದಲಾಗಿಯೂ ಹಾಸಿರುತ್ತಾರೆ. ಈ ಪದಾರ್ಥದ ವಿಶೇಷವೆಂದರೆ ಅದು ವಿದ್ಯುತ್ತನ್ನು ಹರಿಯಗೊಡುತ್ತದೆ, ಆದರೆ ಬೆಳಕಿಗೂ ಅಡ್ಡಿಯಾಗುವುದಿಲ್ಲ. ಅಡ್ಡಪಟ್ಟಿಯೂ ಉದ್ದಪಟ್ಟಿಯೂ ಹಾಯುವ ಒಂದೊಂದು ಸಂಧಿಯೂ ಒಂದೊಂದು ಪುಟ್ಟ ಧಾರಕ.

ಮನುಷ್ಯದೇಹ ಉಪ್ಪುನೀರಿನಿಂದ ತುಂಬಿದ ವಾಹಕ. ಬೆರಳು ಗಾಜಿನ ಬಳಿಗೆ ಬಂದಾಗ ಆ ಸಂಧಿಯ ವಿದ್ಯುತ್ ಕ್ಷೇತ್ರದ ಸ್ವಲ್ಪ ಭಾಗವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಅದರ ಧಾರಕತೆ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಈ ಕುಗ್ಗು ಒಂದು ಪಿಕೋಫ್ಯಾರಡಿಗಿಂತಲೂ ಕಡಮೆ. ಒಂದು ಪಿಕೋಫ್ಯಾರಡೆಂದರೆ ಒಂದು ಫ್ಯಾರಡಿನ ಲಕ್ಷಕೋಟಿಯಲ್ಲೊಂದು ಪಾಲು! ಇಷ್ಟು ಸಣ್ಣ ವ್ಯತ್ಯಾಸವನ್ನು ಫೋನಿನೊಳಗಿನ ಮಂಡಲವು ಪ್ರತಿಯೊಂದು ಸಂಧಿಯಲ್ಲಿಯೂ ಕ್ಷಣಕ್ಷಣಕ್ಕೆ ಅಳೆಯುತ್ತಿರುತ್ತದೆ. ಬೆರಳು ಒಂದೇ ಸಂಧಿಯನ್ನಲ್ಲದೆ ಸುತ್ತಲಿನ ಕೆಲವನ್ನೂ ಪ್ರಭಾವಿಸುವುದರಿಂದ, ಅವೆಲ್ಲವುಗಳ ಮಧ್ಯಬಿಂದುವನ್ನು ಗಣಿಸಿ ಸ್ಪರ್ಶದ ಸ್ಥಾನವನ್ನು ಪಟ್ಟಿಗಳ ಅಂತರಕ್ಕಿಂತಲೂ ಸೂಕ್ಷ್ಮವಾಗಿ ನಿರ್ಣಯಿಸಬಹುದು. ಸಂಧಿಗಳನ್ನು ಬಿಡಿಬಿಡಿಯಾಗಿ ಅಳೆಯುವ ಕಾರಣ ಎರಡು ಬೆರಳುಗಳಿದ್ದರೆ ಎರಡನ್ನೂ ಪ್ರತ್ಯೇಕವಾಗಿ ಗುರುತಿಸಬಹುದು.

ಇದನ್ನು ನೀವೇ ಪರೀಕ್ಷಿಸಬಹುದು. ಒಣಗಿದ ಬಟ್ಟೆಯನ್ನು ದಪ್ಪವಾಗಿ ಮಡಚಿ ಬೆರಳಿಗೆ ಸುತ್ತಿಕೊಂಡು ಪರದೆಯನ್ನು ಮುಟ್ಟಿರಿ. ಪೆನ್ನಿನ ಪ್ಲಾಸ್ಟಿಕ್ ಮುಚ್ಚಳದಿಂದ ಮುಟ್ಟಿರಿ. ಅನಂತರ ಸೌತೆಕಾಯಿಯ ಒಂದು ತುಂಡನ್ನು ಕೈಯಲ್ಲಿ ಹಿಡಿದು ಅದರಿಂದ ಮುಟ್ಟಿರಿ. ಮೊದಲಿನೆರಡಕ್ಕೆ ಓಗೊಡದ ಪರದೆ ಮೂರನೆಯದಕ್ಕೆ ಓಗೊಡುವುದು. ಪರದೆ ಅರಿಯುವುದು ಒತ್ತಡವನ್ನಲ್ಲ, ವಾಹಕವನ್ನು ಎಂಬುದಕ್ಕೆ ಇದೇ ಸಾಕ್ಷಿ. ಮಾತನಾಡುವಾಗ ಕೆನ್ನೆಯೂ ವಾಹಕವೇ ತಾನೆ? ಅದು ಪರದೆಯನ್ನು ಮುಟ್ಟಿ ಕರೆಯನ್ನು ಕಡಿದುಹಾಕದಿರಲೆಂದೇ, ಫೋನು ಮುಖದ ಹತ್ತಿರ ಬಂದುದನ್ನು ಅರಿತು ಪರದೆಯನ್ನು ಆರಿಸುವ ಬೇರೊಂದು ಸಂವೇದಕವನ್ನು ಇಡಬೇಕಾಯಿತು.

ಈ ತತ್ತ್ವವೂ ಹೊಸದಲ್ಲ. ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿದ್ದ ರೇಡಾರ್ ಸಂಶೋಧನಾಲಯದ ಇ. ಎ. ಜಾನ್ಸನ್ ಅವರು ೧೯೬೫ರಲ್ಲಿಯೇ ಇಂಥ ಪರದೆಯನ್ನು ವರ್ಣಿಸಿದ್ದರು. ೧೯೭೦ರ ದಶಕದಲ್ಲಿ ಜಿನೀವಾದ ಬಳಿಯ ಸರ್ನ್ ಪ್ರಯೋಗಾಲಯವು ತನ್ನ ಕಣವೇಗವರ್ಧಕವನ್ನು ನಿಯಂತ್ರಿಸಲು ಇದನ್ನು ಬಳಸಿತು. ಎಲ್‌ಜಿ ಸಂಸ್ಥೆಯ ‘ಪ್ರಾಡಾ’ ಫೋನು ಇದೇ ಬಗೆಯ ಪರದೆಯೊಡನೆ ಐಫೋನಿಗಿಂತ ಮುಂಚೆ, ೨೦೦೬ರಲ್ಲಿಯೇ, ಪ್ರಕಟವಾಗಿದ್ದಿತು. ಆ್ಯಪಲ್ ಮಾಡಿದುದು ತತ್ತ್ವದ ಆವಿಷ್ಕಾರವಲ್ಲ. ಅದೊಂದನ್ನೇ ನಂಬಿ ಉಳಿದ ಗುಂಡಿಗಳನ್ನು ಬಿಟ್ಟುಬಿಡುವ ಧೈರ್ಯ.

ಐದು ಮಿಲಿಮೀಟರಿನ ಸಮಸ್ಯೆ

ಆದರೂ ಒಂದು ಕಷ್ಟ ಉಳಿಯಿತು. ಆ ಪರದೆಯ ಅಗಲ ೩೨೦ ಬಿಂದುಗಳು. ಒಂದು ಅಂಗುಲಕ್ಕೆ ೧೬೩ ಬಿಂದುಗಳು. ಭಾಗಿಸಿದರೆ ಅಗಲ ಸುಮಾರು ೫೦ ಮಿಲಿಮೀಟರ್. ಇಂಗ್ಲಿಷ್ ಕೀಲಿಮಣೆಯ ಮೊದಲ ಸಾಲಿನಲ್ಲಿ ಹತ್ತು ಅಕ್ಷರಗಳಿವೆ. ಎಂದರೆ ಒಂದೊಂದಕ್ಕೆ ದೊರೆಯುವುದು ೫ ಮಿಲಿಮೀಟರ್ ಮಾತ್ರ. ನಿಮ್ಮ ಹೆಬ್ಬೆರಳಿನ ತುದಿಯನ್ನು ಅಳತೆಪಟ್ಟಿಯ ಮೇಲಿಟ್ಟು ನೋಡಿದರೆ ಸಮಸ್ಯೆ ತಾನಾಗಿ ಸ್ಪಷ್ಟವಾಗುವುದು: ಬೆರಳು ಕೀಲಿಗಿಂತ ಅಗಲ!

ಇದನ್ನು ಪರಿಹರಿಸಿದುದು ಗಾಜಲ್ಲ, ಗಣಿತ. ಭಾಷೆಯಲ್ಲಿ ಅಕ್ಷರಗಳು ಮನಬಂದಂತೆ ಬರುವುದಿಲ್ಲ. ಇಂಗ್ಲಿಷಿನಲ್ಲಿ ‘ಟಿ’ ಆದ ಮೇಲೆ ‘ಎಚ್’ ಬರುವ ಸಂಭವ ಹೆಚ್ಚು, ‘ಜಿ’ ಬರುವುದು ಅಪರೂಪ. ಆದುದರಿಂದ ‘ಟಿ’ ಒತ್ತಿದ ಕೂಡಲೆ ತಂತ್ರಾಂಶವು ‘ಎಚ್’ ಕೀಲಿಯ ಕ್ಷೇತ್ರವನ್ನು ಒಳಗೊಳಗೇ ಹಿಗ್ಗಿಸುತ್ತದೆ. ಕಣ್ಣಿಗೆ ಕೀಲಿಗಳೆಲ್ಲ ಸಮನಾಗಿ ಕಂಡರೂ, ಬೆರಳಿನ ಪಾಲಿಗೆ ಅವು ಸಮನಲ್ಲ. ಸ್ವಲ್ಪ ಪಕ್ಕಕ್ಕೆ ಬಿದ್ದ ಬೆರಳನ್ನೂ ಅದು ಸರಿಯಾದ ಅಕ್ಷರಕ್ಕೇ ಸೇರಿಸುತ್ತದೆ. ಪದ ಮುಗಿದ ಮೇಲೆ ನಿಘಂಟಿನೊಡನೆ ಹೋಲಿಸಿ ತಿದ್ದುತ್ತದೆ. ಪ್ಲಾಸ್ಟಿಕ್ಕಿನ ಕೀಲಿಗೆ ಹೀಗೆ ಹಿಗ್ಗಲು ಬಾರದು. ಆದರೆ ನಿಘಂಟಿನಲ್ಲಿಲ್ಲದ ಹೆಸರನ್ನೋ ಬೇರೆ ಭಾಷೆಯ ಮಾತನ್ನೋ ಬರೆಯುವವನಿಗೆ ಈ ಉಪಕಾರವೇ ಉಪದ್ರವವಾಗುವುದುಂಟು.

ಪ್ಲಾಸ್ಟಿಕ್ಕು ಹೋಗಿ ಗಾಜು ಬಂದುದು

ಜನವರಿಯಲ್ಲಿ ತೋರಿಸಿದ ಫೋನಿನ ಮೇಲ್ಮೈ ಗಾಜಿನದಾಗಿರಲಿಲ್ಲ, ಪ್ಲಾಸ್ಟಿಕ್ಕಿನದಾಗಿದ್ದಿತು ಎಂಬುದು ಅನೇಕರಿಗೆ ತಿಳಿಯದ ಸಂಗತಿ. ಜೇಬಿನಲ್ಲಿ ಬೀಗದ ಕೈಗಳ ಜತೆಯಲ್ಲಿಟ್ಟರೆ ಪ್ಲಾಸ್ಟಿಕ್ಕಿನ ಮೇಲೆ ಗೀರು ಬೀಳುತ್ತದೆ. ಮಾರಾಟಕ್ಕೆ ಹನ್ನೊಂದು ದಿನಗಳು ಉಳಿದಿದ್ದಾಗ, ಜೂನ್ ೧೮ರಂದು, ಮೇಲ್ಮೈಯನ್ನು ಗಾಜಿಗೆ ಬದಲಾಯಿಸಿರುವುದಾಗಿ ಸಂಸ್ಥೆ ತಿಳಿಸಿತು. ಆ ಗಾಜು ಅಮೆರಿಕದ ಕಾರ್ನಿಂಗ್ ಸಂಸ್ಥೆಯದು.

ಗಾಜು ಒಡೆಯುವುದು ಅದರ ಮೇಲ್ಮೈಯಲ್ಲಿರುವ ಸೂಕ್ಷ್ಮವಾದ ಬಿರುಕುಗಳು ಎಳೆತಕ್ಕೆ ಸಿಕ್ಕಿ ಬಾಯಿಬಿಡುವುದರಿಂದ. ಮೇಲ್ಮೈಯನ್ನು ಮೊದಲೇ ಬಲವಾಗಿ ಅಮುಕಿಟ್ಟಿದ್ದರೆ ಬಿರುಕು ಸುಲಭವಾಗಿ ತೆರೆಯದು. ಇದಕ್ಕೊಂದು ಉಪಾಯವನ್ನು ಕಾರ್ನಿಂಗ್ ಸಂಸ್ಥೆ ೧೯೬೦ರ ದಶಕದಲ್ಲಿಯೇ ಅಭ್ಯಾಸಮಾಡಿದ್ದಿತು. ಸೋಡಿಯಂ ಉಳ್ಳ ಗಾಜನ್ನು ಸುಮಾರು ೪೦೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗಿದ ಪೊಟಾಸಿಯಂ ಲವಣದಲ್ಲಿ ಮುಳುಗಿಸುತ್ತಾರೆ. ಸೋಡಿಯಂ ಅಯಾನಿನ ತ್ರಿಜ್ಯ ಸುಮಾರು ೧.೦೨ ಆಂಗ್‌ಸ್ಟ್ರಾಮ್, ಪೊಟಾಸಿಯಮ್ಮಿನದು ೧.೩೮. ಚಿಕ್ಕವು ಹೊರಬಂದು ಆ ಜಾಗಗಳಲ್ಲಿ ದೊಡ್ಡವು ಸೇರಿಕೊಳ್ಳುತ್ತವೆ. ಮೂವರು ಕೂರುವ ಬೆಂಚಿನಿಂದ ಸಣಕಲು ಹುಡುಗ ಎದ್ದು ಅಲ್ಲಿ ಪೈಲ್ವಾನನೊಬ್ಬ ಕುಳಿತರೆ ಹೇಗೋ ಹಾಗೆ, ಮೇಲ್ಮೈಯೆಲ್ಲ ಇಕ್ಕಟ್ಟಾಗಿ ಬಿಗಿದುಕೊಳ್ಳುತ್ತದೆ. ಗೀರಿಗೂ ಹೊಡೆತಕ್ಕೂ ಅದು ಸಾಧಾರಣ ಗಾಜಿಗಿಂತ ಚೆನ್ನಾಗಿ ತಡೆಯುತ್ತದೆ. ಹಾಗೆಂದು ಅಭೇದ್ಯವೇನೂ ಅಲ್ಲ. ಪ್ಲಾಸ್ಟಿಕ್ಕು ಬಿದ್ದರೆ ತಡೆದೀತು ಆದರೆ ಗೀರಿಗೆ ಸೋಲುತ್ತದೆ, ಗಾಜು ಗೀರನ್ನು ತಡೆದೀತು ಆದರೆ ಬಿದ್ದರೆ ಒಡೆಯಬಹುದು. ಒಂದನ್ನು ಪಡೆಯಲು ಇನ್ನೊಂದನ್ನು ತೆರಬೇಕಾಯಿತು.

ಕಾಲ ಕೊಟ್ಟ ತೀರ್ಪು

ಈಗ ಫಲಿತಾಂಶಕ್ಕೆ ಬರೋಣ. ಬೆಲೆಯ ಆಕ್ಷೇಪಣೆ ಬಹುಬೇಗ ನಿಜವಾಯಿತು: ೨೦೦೭ರ ಸೆಪ್ಟೆಂಬರ್ ೫ರಂದು ೮ ಗಿಗಾಬೈಟಿನ ಫೋನನ್ನು ೩೯೯ ಡಾಲರಿಗೆ ಇಳಿಸಬೇಕಾಯಿತು. ೨೦೦೮ರ ಜುಲೈನಲ್ಲಿ ಬಂದ ಎರಡನೆಯ ಮಾದರಿಯಲ್ಲಿ ಮೂರನೆಯ ತಲೆಮಾರಿನ ಜಾಲವೂ ಜಿಪಿಎಸ್ಸೂ ಸೇರಿದವು. ಇತರರ ತಂತ್ರಾಂಶಗಳನ್ನು ಮಾರುವ ಅಂಗಡಿಯೂ ತೆರೆಯಿತು. ೨೦೦೯ರ ಜೂನ್‌ನಲ್ಲಿ ನಕಲಿಸಿ ಅಂಟಿಸುವ ಏರ್ಪಾಡು ಬಂದಿತು. ಅದೇ ತಿಂಗಳಿನ ಹೊಸ ಮಾದರಿ ಚಲಚ್ಚಿತ್ರವನ್ನೂ ತೆಗೆಯತೊಡಗಿತು. ಆಕ್ಷೇಪಿಸಿದವರು ಹೇಳಿದ ಕೊರತೆಗಳು ನಿಜವಾದ ಕೊರತೆಗಳೇ ಆಗಿದ್ದವು. ಇಲ್ಲವಾದರೆ ಅವುಗಳನ್ನು ತುಂಬುವ ಅಗತ್ಯವೇನಿದ್ದಿತು?

ಆದರೂ ಅವರ ಭವಿಷ್ಯವಾಣಿ ಸುಳ್ಳಾಯಿತು. ೨೦೦೮ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂದ ಮೊದಲ ಆಂಡ್ರಾಯ್ಡ್ ಫೋನಿಗೆ ಜಾರಿ ಹೊರಬರುವ ಕೀಲಿಮಣೆಯಿದ್ದಿತು. ಬಳಿಕ ಬಂದವುಗಳಲ್ಲಿ ಅದು ಕ್ರಮೇಣ ಮಾಯವಾಯಿತು. ನೋಕಿಯ ಸಂಸ್ಥೆಯ ಫೋನು ವಿಭಾಗವು ೨೦೧೪ರಲ್ಲಿ ಮೈಕ್ರೊಸಾಫ್ಟಿನ ಪಾಲಾಯಿತು. ಕೀಲಿಮಣೆಗೆ ಹೆಸರಾದ ಬ್ಲ್ಯಾಕ್‌ಬೆರಿ ಸಂಸ್ಥೆಯು ತಾನೇ ಫೋನು ರೂಪಿಸುವುದನ್ನು ನಿಲ್ಲಿಸುವುದಾಗಿ ೨೦೧೬ರಲ್ಲಿ ಸಾರಿತು.

ಸಂಗತಿಗಳೆಲ್ಲ ಸರಿಯಿದ್ದೂ ನಿರ್ಣಯ ತಪ್ಪಿದುದೇಕೆ? ‘ಇಲ್ಲ’ ಎಂಬ ಒಂದೇ ಪದಕ್ಕೆ ಇಲ್ಲಿ ಮೂರು ಅರ್ಥಗಳಿವೆ ಎಂಬುದನ್ನು ಅವರು ಬಗೆಹರಿಸಲಿಲ್ಲ. ತಂತ್ರಾಂಶವನ್ನು ಬದಲಾಯಿಸಿ ಮಾರಿದ ಫೋನಿನಲ್ಲಿಯೇ ತುಂಬಬಹುದಾದ ಕೊರತೆ ಒಂದು. ನಕಲಿಸಿ ಅಂಟಿಸುವುದು ಇಂಥದು. ಮುಂದಿನ ಮಾದರಿಯಲ್ಲಿ ಒಂದು ಬಿಡಿಭಾಗವನ್ನು ಸೇರಿಸಿ ತುಂಬಬಹುದಾದ ಕೊರತೆ ಎರಡನೆಯದು, ಜಿಪಿಎಸ್ ಇಂಥದು. ಮೂಲ ವಿನ್ಯಾಸದಿಂದಲೇ ಹುಟ್ಟಿದ, ಆ ವಿನ್ಯಾಸವನ್ನು ಬಿಡದ ಹೊರತು ತುಂಬಲಾಗದ ಕೊರತೆ ಮೂರನೆಯದು. ಬೆರಳಿಗೆ ತಗಲುವ ಅಂಚಿಲ್ಲದಿರುವುದು ಇಂಥದು. ಪಟ್ಟಿಯಲ್ಲಿ ಈ ಮೂರಕ್ಕೂ ಒಂದೊಂದೇ ಅಂಕ. ಆದರೆ ಮೊದಲಿನೆರಡನ್ನು ಕಾಲವೇ ಸರಿಪಡಿಸುತ್ತದೆ. ವಾದಕ್ಕೆ ಯೋಗ್ಯವಾದುದು ಮೂರನೆಯದು ಮಾತ್ರ. ಕೀಲಿಮಣೆಯ ಫೋನಿಗೂ ಅಂಥದೊಂದು ಕೊರತೆಯಿದ್ದಿತು: ಅದರ ಮುಖವನ್ನು ಮತ್ತೆ ರೂಪಿಸಲು ಬರುತ್ತಿರಲಿಲ್ಲ. ಅದು ಮಾತ್ರ ಯಾರ ಪಟ್ಟಿಯಲ್ಲಿಯೂ ಇರಲಿಲ್ಲ.

ಮೂರನೆಯ ಬಗೆಯ ಕೊರತೆಗಳೆಲ್ಲವೂ ಕ್ಷಮ್ಯವೆಂದು ಇದರಿಂದ ತಿಳಿಯಬಾರದು. ಮೊಹರುಹಾಕಿದ ಬ್ಯಾಟರಿಯ ವಿಚಾರದಲ್ಲಿ ಪೂರ್ವಪಕ್ಷ ಸೋತಿತೆನ್ನುವಂತಿಲ್ಲ. ಲಿಥಿಯಂ ಬ್ಯಾಟರಿಯ ಬಲ ಕೆಲವು ನೂರು ಸಲ ತುಂಬಿ ಬರಿದಾಗುವಷ್ಟರಲ್ಲಿ ಕುಗ್ಗುತ್ತದೆ. ಫೋನಿನ ಮಿಕ್ಕ ಭಾಗಗಳು ಇನ್ನೂ ಗಟ್ಟಿಯಾಗಿರುತ್ತವೆ. ತೆಳುವಾದ ಒಡಲಿಗಾಗಿ ತೆತ್ತ ಬೆಲೆ ಇದು. ಬ್ಯಾಟರಿಯನ್ನು ಬಳಕೆದಾರನೇ ಕಳಚುವಂತಿರಬೇಕೆಂಬ ತತ್ತ್ವವನ್ನು ಯೂರೋಪಿನ ಒಕ್ಕೂಟವು ೨೦೨೩ರ ತನ್ನ ಕಾನೂನಿನಲ್ಲಿ ಎತ್ತಿಹಿಡಿದುದನ್ನು ನೋಡಿದರೆ, ಈ ವಾದ ಇನ್ನೂ ಜೀವಂತವಾಗಿದೆಯೆಂದು ತಿಳಿಯುತ್ತದೆ.

ಇಬ್ಬರೂ ಎಣಿಸದ ಜನ

ವಿನ್ಯಾಸದಲ್ಲಿ ಒಂದನ್ನು ಬಿಟ್ಟಾಗ ಅದರ ಹೊರೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ೨೦೦೭ರ ವಾದದಲ್ಲಿ ಎರಡು ಪಕ್ಷದವರೂ ವ್ಯವಹಾರಸ್ಥರ ಸೌಕರ್ಯವನ್ನು ಕುರಿತು ಗಂಟೆಗಟ್ಟಲೆ ಮಾತನಾಡಿದರು. ಆದರೆ ಗುಂಡಿಯ ಅಂಚನ್ನೂ ೫ರ ಮೇಲಿನ ಉಬ್ಬನ್ನೂ ನಿಜವಾಗಿ ನಂಬಿ ಬದುಕುತ್ತಿದ್ದವರು ಕಣ್ಣು ಕಾಣದವರು. ಮಿಕ್ಕವರಿಗೆ ಗಾಜಿನ ಕೀಲಿಮಣೆ ಕೆಲವು ದಿನಗಳ ಕಿರಿಕಿರಿ. ಅವರಿಗೆ ಅದು ಮುಚ್ಚಿದ ಬಾಗಿಲು. ಮೊದಲನೆಯ ಐಫೋನನ್ನು ಅವರು ತಾವಾಗಿ ಬಳಸುವಂತೆಯೇ ಇರಲಿಲ್ಲ.

ಎರಡು ವರ್ಷಗಳ ಮೇಲೆ, ೨೦೦೯ರ ಮಾದರಿಯಲ್ಲಿ, ‘ವಾಯ್ಸ್‌ಓವರ್’ ಎಂಬ ಏರ್ಪಾಡು ಬಂದಿತು. ಬೆರಳನ್ನು ಪರದೆಯ ಮೇಲೆ ಸರಿಸುತ್ತ ಹೋದರೆ ಕೆಳಗಿರುವುದೇನೆಂದು ಫೋನು ಗಟ್ಟಿಯಾಗಿ ಹೇಳುತ್ತದೆ. ಬೇಕಾದುದು ಸಿಕ್ಕಿದಾಗ ಎರಡು ಬಾರಿ ತಟ್ಟಿದರೆ ಅದು ತೆರೆಯುತ್ತದೆ. ಹುಡುಕುವುದನ್ನೂ ಒತ್ತುವುದನ್ನೂ ಬೇರ್ಪಡಿಸಿ, ಗುಂಡಿಯು ಕೊಡುತ್ತಿದ್ದ ಗುಣವನ್ನು ಧ್ವನಿಯ ಮೂಲಕ ಗಾಜಿಗೆ ತಂದುಕೊಟ್ಟಂತಾಯಿತು. ೨೦೧೪ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಲವು ಬೆರಳುಗಳನ್ನು ಒಟ್ಟಿಗೆ ಗಾಜಿನ ಮೇಲಿಟ್ಟು ಬ್ರೈಲ್ ಲಿಪಿಯ ಆರು ಚುಕ್ಕೆಗಳ ಕ್ರಮದಲ್ಲಿ ನೇರವಾಗಿ ಬರೆಯುವುದು ಸಾಧ್ಯವಾಯಿತು. ಗಾಜಿಗೆ ಹಲವು ಬೆರಳುಗಳನ್ನು ಪ್ರತ್ಯೇಕವಾಗಿ ಗುರುತಿಸುವ ಶಕ್ತಿಯಿರುವುದರಿಂದಲೇ ಇದು ಆದುದು. ಆದರೆ ಆ ಶಕ್ತಿ ಮೊದಲಿನಿಂದಲೂ ಇದ್ದಿತು. ಅದನ್ನು ಅವರಿಗಾಗಿ ಬಳಸಬೇಕೆಂಬ ನಿರ್ಧಾರ ಮಾತ್ರ ತಡವಾಗಿ ಬಂದಿತು.

ಕನ್ನಡಿಗರಾದ ನಮಗೂ ಇದರಲ್ಲಿ ಪಾಲುಂಟು. ನಮ್ಮ ವರ್ಣಮಾಲೆಯ ೪೯ ಅಕ್ಷರಗಳನ್ನು ಹಳೆಯ ಫೋನಿನ ೨ರಿಂದ ೯ರವರೆಗಿನ ಎಂಟು ಗುಂಡಿಗಳಿಗೆ ಹಂಚಿದರೆ, ಒಂದೊಂದಕ್ಕೆ ಆರಕ್ಕಿಂತ ಹೆಚ್ಚು ಬೀಳುತ್ತವೆ. ಕಾಗುಣಿತ ಒತ್ತಕ್ಷರಗಳ ಮಾತು ಬೇರೆ. ಗಾಜಿನ ಮೇಲೆ ಯಾವ ಲಿಪಿಯನ್ನೂ ಕೆತ್ತಿಲ್ಲ. ಮುಂಬಯಿಯ ಐಐಟಿಯಲ್ಲಿ ರೂಪಿಸಿದ ‘ಸ್ವರಚಕ್ರ’ ಎಂಬ ಕೀಲಿಮಣೆಯಲ್ಲಿ ವ್ಯಂಜನವೊಂದನ್ನು ಮುಟ್ಟಿದೊಡನೆ ಅದರ ಕಾಗುಣಿತವು ಚಕ್ರದಂತೆ ಬೆರಳಿನ ಸುತ್ತ ಅರಳುತ್ತದೆ. ಪ್ಲಾಸ್ಟಿಕ್ಕಿನ ಗುಂಡಿಗಳಿಂದ ಇದಾಗದು. ಹೀಗಿದ್ದೂ ಐಫೋನಿನ ಸ್ವಂತ ಕೀಲಿಮಣೆಗಳಲ್ಲಿ ಕನ್ನಡ ಸೇರಿದುದು ೨೦೧೭ರಲ್ಲಿ, ಮೊದಲ ಪ್ರಕಟಣೆಯ ಹತ್ತು ವರ್ಷಗಳ ಬಳಿಕ. ಸಾಧ್ಯವಾಗಿರುವುದು ಬೇರೆ, ಸಿದ್ಧವಾಗಿರುವುದು ಬೇರೆ.

ಆದುದರಿಂದ ಮುಂದಿನ ಸಲ ಹೊಸ ಫೋನೊಂದು ಪ್ರಕಟವಾದಾಗ, ಅಂಕಿಗಳ ಪಟ್ಟಿಯನ್ನು ಓದಿ ಮುಗಿಸಿದ ಮೇಲೆ, ಇಲ್ಲದಿರುವ ಒಂದೊಂದರ ಮುಂದೆಯೂ ಬರೆದಿಟ್ಟುಕೊಳ್ಳಿರಿ: ಇದು ಮೂರರಲ್ಲಿ ಯಾವ ಬಗೆಯ ‘ಇಲ್ಲ’? ಇದನ್ನು ಬಿಟ್ಟು ಪಡೆದುದೇನು? ಅದರ ಹೊರೆ ಯಾರ ಮೇಲೆ ಬಿದ್ದಿತು? ಅಭ್ಯಾಸಕ್ಕೆ ಬೇಕಾದರೆ, ೨೦೧೬ರ ಸೆಪ್ಟೆಂಬರ್ ೭ರಂದು ಪ್ರಕಟವಾದ ಐಫೋನ್ ೭ರಲ್ಲಿ ಕಿವಿವಾಣಿಯ ತಂತಿಯನ್ನು ತೂರಿಸುವ ೩.೫ ಮಿಲಿಮೀಟರಿನ ರಂಧ್ರವನ್ನು ತೆಗೆದುಹಾಕಿದ ಪ್ರಸಂಗವನ್ನು ಆರಿಸಿಕೊಳ್ಳಿರಿ. ನಿಮ್ಮಲ್ಲಿ ಒಬ್ಬರು ಪೂರ್ವಪಕ್ಷವನ್ನು ಹಿಡಿಯಲಿ, ಮತ್ತೊಬ್ಬರು ಉತ್ತರಪಕ್ಷವನ್ನು. ಅರ್ಧ ಗಂಟೆಯ ಬಳಿಕ ಪಕ್ಷಗಳನ್ನು ಅದಲುಬದಲು ಮಾಡಿಕೊಂಡು ವಾದಿಸಿರಿ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಲು ಬಂದ ದಿನ, ಮೊಗಸಾಲೆಯ ವಾದ ಗಂಟೆ ಬಾರಿಸುವ ಮೊದಲ ತೀರಲೂಬಹುದು.